ಜಮೀನು ಮಾರೋ ಪತ್ರಕ್ಕೆ ನಾನು ಸಾಕ್ಷಿ ಹಾಕಲ್ಲ

ಈ ವಾರ ಕಬ್ಬಿನ ಗೊಣ್ಣೆಹುಳದ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಅದು ಮುಂದಿನ ವಾರಕ್ಕೆ ಇರಲಿ. ಇವತ್ತು ಬೇರೆ ಹುಳದ ವಿಷಯ ಬರೀಬೇಕಾಗಿದೆ. ಇದು ಬೇರು ತಿನ್ನೋದು ನಾಲ್ಕು ವರ್ಷ, ಗಿಡ ಒಣಗಿದ ಮೇಲೇ ನಮಗೆ ಗೊತ್ತಾಗೋದು.

ಮಂಗಳವಾರ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಕ್ಯಾನ್ ತೊಳೀತಾ ಇದ್ದೆ. ನಮ್ಮ ಕಡೆಯವರೇ ಒಬ್ಬರು, ವರಸೆಯಲ್ಲಿ ನನಗೆ ಭಾವ ಆಗಬೇಕು, ಪಕ್ಕಕ್ಕೆ ಕರೆದರು. ನಾಲೆ ಪಕ್ಕದ 15 ಗುಂಟೆ ಮಾರ್ತಾ ಇದ್ದಾರಂತೆ. ಗುರುವಾರ ಅಗ್ರಿಮೆಂಟು, ನಾನು ಹೋಗಿ ಸಾಕ್ಷಿ ರುಜು ಹಾಕಬೇಕಂತೆ. ಯಾಕೆ ಭಾವ, ಏನಾಯ್ತು ಅಂದೆ. ಮಗ ಇಂಜಿನಿಯರಿಂಗ್ ಮುಗಿಸಿ ಒಂದು ವರ್ಷ ಆಯ್ತು, ಮನೇಲೇ ಅವನೆ. ಬೆಂಗಳೂರಲ್ಲಿ ಒಬ್ಬ ಕನ್ಸಲ್ಟೆನ್ಸಿಯವನು 3 ಲಕ್ಷ ಕೊಟ್ರೆ ದೊಡ್ಡ ಕಂಪನಿಲಿ ಕೆಲಸ ಹಾಕಿಸ್ತೀನಿ ಅಂದವ್ನಂತೆ. ಹಿಂದಿನ ಬಾಗಿಲ ಕೆಲಸ.

ನಾನು ಬರಲ್ಲ ಭಾವ, ರುಜು ಹಾಕಲ್ಲ ಅಂದೆ.

"ನಿನ್ ಮಗ ಸೇರ್ಕಂಡ, ಅದ್ಕೆ ಹಿಂಗ್ ಮಾತಾಡ್ತೀಯ" ಅಂದುಬಿಟ್ಟರು. ಆವತ್ತಿಂದ ಎದುರಿಗೆ ಸಿಕ್ಕರೆ ಮುಖ ತಿರುಗಿಸ್ಕೊಂಡು ಹೋಗ್ತಾ ಅವರೆ. ಎದುರು ನಿಂತು ಹೇಳೋಕೆ ಬಿಡದೆ ಇರೋದ್ರಿಂದ ಇಲ್ಲಿ ಬರೀತಾ ಇದೀನಿ. ಹೆಸರು ಹಾಕಿಲ್ಲ. ಇದು ಅವರೊಬ್ಬರ ವಿಷಯಾನೂ ಅಲ್ಲ. ನಮ್ಮ ಸುತ್ತಿನ ಹತ್ತು ಊರಲ್ಲಿ ಇಂಜಿನಿಯರಿಂಗ್ ಓದಿಸಿರೋ ಮನೆ ಎಷ್ಟಿವೆ ಅಂತ ನೀವೇ ಎಣಿಸ್ಕೊಳ್ಳಿ.

ಮೊದಲು ಆ ಹಿಂದಿನ ಬಾಗಿಲ ವಿಷಯ ಮುಗಿಸ್ತೀನಿ. ಅದು ನಡೆಯೋದು ಹಿಂಗೆ. ಮೊದಲು ರಿಜಿಸ್ಟ್ರೇಷನ್ ಅಂತ ಸ್ವಲ್ಪ ದುಡ್ಡು ಕೇಳ್ತಾರೆ. ಆಮೇಲೆ ಕಂಪನಿ ಗುರುತು ಹಾಕಿರೋ ಕಾಗದ ಒಂದು ಮೊಬೈಲಿಗೆ ಬರ್ತದೆ, ಅದು ನೋಡಿ ಮನೆಯವರು ಸಿಹಿ ಹಂಚ್ತಾರೆ. ಉಳಿದ ದುಡ್ಡು ಆವಾಗ ಕೊಡಬೇಕು. ಕೊಟ್ಟ ಮೇಲೆ ಟ್ರೈನಿಂಗ್ ಅಂತ ಮೂರು ತಿಂಗಳು ಒಂದು ರೂಮಲ್ಲಿ ಕೂರಿಸ್ತಾರೆ. ಆಮೇಲೆ ಪ್ರಾಜೆಕ್ಟ್ ಬಂದಿಲ್ಲ ಅಂತಾರೆ, ಆಮೇಲೆ ಫೋನ್ ಸ್ವಿಚ್ ಆಫ್. ಇನ್ನೊಂದು ತರದೋರು ಅವರೆ, ಸುಳ್ಳು ಅನುಭವದ ಸರ್ಟಿಫಿಕೇಟ್ ಮಾಡಿಸಿ ನಿಜವಾಗ್ಲೂ ಒಳಗೆ ಸೇರಿಸ್ತಾರೆ. ಕಂಪನಿಯೋರು ಹಿಂದೆಮುಂದೆ ವಿಚಾರಿಸಿದಾಗ ಸಿಕ್ಕಿಬಿದ್ದು ಹುಡುಗ ಹೊರಗೆ ಬರ್ತಾನೆ, ಜೊತೆಗೆ ಸುಳ್ಳ ಅನ್ನೋ ಹೆಸರೂ ಅಂಟ್ಕೊತದೆ. ದುಡ್ಡಿಗೆ ರಸೀದಿ ಇರಲ್ಲ. ಪೊಲೀಸ್ ಸ್ಟೇಷನ್‌ಗೆ ಹೋದ್ರೆ ಏನಂತ ದೂರು ಬರೆದುಕೊಡ್ತೀರಿ? ಕಳ್ಳದಾರಿಲಿ ಕೆಲಸ ಕೊಡಿಸ್ತೀನಿ ಅಂದ, ಕೊಡಿಸಲಿಲ್ಲ ಅಂತಲಾ? ಕೆಲಸಕ್ಕೆ ನಾವು ಯಾರ ಹತ್ತಿರಾನೂ ದುಡ್ಡು ತಗೊಳ್ಳಲ್ಲ, ನಮ್ಮ ಹೆಸರು ಹೇಳ್ಕೊಂಡು ಕೇಳಿದೋರನ್ನ ನಂಬಬೇಡಿ ಅಂತ ದೊಡ್ಡ ಕಂಪನಿಗಳೇ ತಮ್ಮ ವೆಬ್‌ಸೈಟಲ್ಲಿ ಹಾಕ್ಕೊಂಡವೆ. ನಮಗೆ ಅದು ಕಾಣಲ್ಲ. ಏಜೆಂಟನ ಶೂ ಕಾಣ್ತದೆ.

ಆದ್ರೆ ಇದು ಎಲೆ. ಬೇರು ಇರೋದು ನಾಲ್ಕು ವರ್ಷ ಹಿಂದೆ.

ನಮ್ಮ ಮನೆಗಳಲ್ಲಿ ಒಂದು ಮಾತಿದೆ. "ಮೊದ್ಲು ಓದು ಮುಗೀಲಿ, ಆಮೇಲೆ ಕೆಲ್ಸ ನೋಡಾನ." ಅರಳಿಕಟ್ಟೆಲೂ ಇದೇ, ಬೀಗರ ಮನೆಲೂ ಇದೇ. ಕೇಳೋಕೆ ಬುದ್ಧಿವಂತಿಕೆ ಮಾತಂಗೇ ಇದೆ. ನಾನು ಹೇಳ್ತೀನಿ, ನಮ್ಮ ಮಕ್ಕಳನ್ನ ಹಾಳು ಮಾಡ್ತಾ ಇರೋದು ಈ ಮಾತೇ.

ಕಬ್ಬು ಹಾಕಿದೋನು ಕಾರ್ಖಾನೆಲಿ ಒಪ್ಪಿಗೆ ಯಾವಾಗ ಮಾಡಿಸ್ತಾನೆ? ಸೂಲಂಗಿ ಬಂದ ಮೇಲಾ? ನಾಟಿ ಮಾಡಿದ ತಾರೀಕು ಬರೆಸಿ, ತಳಿ ಬರೆಸಿ, ಸರ್ವೆ ನಂಬರ್ ಬರೆಸಿ ಆವಾಗಲೇ ಮಾಡಿಸ್ತಾನೆ. ಕಟಾವಿಗೆ ಬಂದ ದಿನ ಹೋಗಿ ಗೇಟಲ್ಲಿ ನಿಂತ್ಕೊಂಡ್ರೆ ನಿಮ್ಮ ಕಬ್ಬು ಯಾರು ತಗೋತಾರೆ? ಆಲೆಮನೆಯವನು ಹೇಳಿದ ರೇಟಿಗೆ ಕೊಟ್ಟು ಬರಬೇಕು. ಭತ್ತಕ್ಕೂ ಹಂಗೇ, ನಾಲೆಗೆ ನೀರು ಬಿಡೋ ದಿನ ನೋಡ್ಕೊಂಡು ಒಟ್ಲು ಬಿಡ್ತೀವಿ. ಹನ್ನೆರಡು ತಿಂಗಳ ಬೆಳೆಗೆ ಇಷ್ಟು ಲೆಕ್ಕ ಹಾಕೋ ನಾವು, ನಾಲ್ಕು ವರ್ಷದ ಓದನ್ನ ಕಣ್ಣು ಮುಚ್ಕೊಂಡು ಬಿಟ್ಟುಬಿಡ್ತೀವಿ. ಎಂಟನೇ ಸೆಮಿಸ್ಟರ್ ಮುಗಿದ ಮೇಲೆ ಎದ್ದು, ಈಗ ಏನ್ ಮಾಡಾನ ಅಂತ ಕೇಳ್ತೀವಿ. ಆವಾಗ ಸಿಗೋದು ಆ ಕನ್ಸಲ್ಟೆನ್ಸಿಯವನೇ. ಅವನೇ ಆಲೆಮನೆಯವನು.

ಭಾವ ಹೇಳಿದ ಮಾತಿಗೆ ಉತ್ತರ ಕೊಡಬೇಕು, ಅದಕ್ಕೆ ನನ್ನ ಮನೆ ಕತೆ ಹೇಳ್ತೀನಿ. ನನ್ನ ಮಗ ಸೇರ್ಕೊಂಡ ನಿಜ. ಹೆಂಗೆ ಸೇರ್ಕೊಂಡ ಅನ್ನೋದು ಊರಿಗೆ ಪೂರ್ತಿ ಗೊತ್ತಿಲ್ಲ.

2015ರಲ್ಲಿ ಎಲೆಕ್ಟ್ರಿಕಲ್‌ಗೆ ಸೇರಿಸಿದೆ. ಹತ್ತನೇ ಕ್ಲಾಸ್ ತನಕ ನಮ್ಮೂರ ಕನ್ನಡ ಮೀಡಿಯಂ. ಒಳ್ಳೆ ಮಾರ್ಕ್ಸ್ ತೆಗೀತಿದ್ದ ಹುಡುಗ. ಕಾಲೇಜಲ್ಲಿ ಮೊದಲ ವರ್ಷ ಗಣಿತದಲ್ಲಿ ಫೇಲಾದ. ಪಾಠ ಅರ್ಥ ಆಗ್ತಿರಲಿಲ್ಲ, ಎದ್ದು ನಿಂತು ಇಂಗ್ಲಿಷಲ್ಲಿ ಕೇಳೋಕೆ ನಾಚಿಕೆ. ನನಗೆ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಫೋನ್ ಮಾಡಿದಾಗ ನಾನು ಕೇಳ್ತಿದ್ದಿದ್ದು ಎರಡೇ ಪ್ರಶ್ನೆ, ಊಟ ಆಯ್ತಾ, ಫೀಸ್ ಎಷ್ಟು. ಎರಡು ಬ್ಯಾಕ್‌ಲಾಗ್ ಎಳ್ಕೊಂಡು ಎಳ್ಕೊಂಡು ಏಳನೇ ಸೆಮಿಸ್ಟರ್‌ಗೆ ಬಂದ. ಆವಾಗ ಕಾಲೇಜಿಗೆ ಕಂಪನಿಗಳು ಬಂದವು. SSLC, ಪಿಯುಸಿ, ಬಿಇ ಮೂರರಲ್ಲೂ ಶೇಕಡ 60 ಇರಬೇಕು, ಪಾಸಾಗದೇ ಉಳಿದ ಸಬ್ಜೆಕ್ಟ್ ಒಂದೂ ಇರಬಾರದು ಅಂತ ನೋಟಿಸ್ ಹಾಕಿದ್ದರಂತೆ. ನನ್ನ ಮಗನ್ನ ಪರೀಕ್ಷೆಗೆ ಕೂರೋಕೂ ಬಿಡಲಿಲ್ಲ. ಜೊತೆಯವರು ಒಳಗೆ ಬರೀತಾ ಇದ್ದರೆ ಇವನು ಕ್ಯಾಂಟೀನಲ್ಲಿ ಕೂತಿದ್ದ. ಇದನ್ನ ನನಗೆ ಹೇಳಿದ್ದು ಎಷ್ಟೋ ವರ್ಷ ಆದ ಮೇಲೆ. 2019ಕ್ಕೆ ಮುಗೀಬೇಕಾಗಿದ್ದು, ಎಲ್ಲಾ ಕ್ಲಿಯರ್ ಆಗಿ ಕೈಗೆ ಬಂದಾಗ 2020. ಆಮೇಲೆ ಕೊರೋನಾ. ಅಲ್ಲಿಗೆ ನಮ್ಮ ಕತೆ ಮುಗೀತು ಅಂದ್ಕೊಂಡಿದ್ದೆ.

ಇನ್ನೊಂದು ಹೇಳ್ತೀನಿ. ಅವನು ಮೂರನೇ ವರ್ಷದ ರಜಕ್ಕೆ ಬಂದಿದ್ದಾಗ ನಮ್ಮ 5 ಎಚ್‌ಪಿ ಮೋಟರ್ ಗುಂಯ್ ಅಂತ ನಿಂತು ಸುಟ್ಟೋಯ್ತು. ನೋಡ್ಲಾ ಮಗ, ಏನಾಗದೆ ಅಂದೆ. ಸುಮ್ಮನೆ ನಿಂತಿದ್ದ. ಮಳವಳ್ಳಿಲಿ ವೈಂಡಿಂಗ್ ಮಾಡೋನು ಬಂದು ನೋಡಿದವನೇ, ಒಂದು ಫೇಸ್ ಹೋಗಿದೆ, ಉಳಿದ ಎರಡರ ಮೇಲೇ ಎಳೆದು ಕಾಯಿಲ್ ಸುಟ್ಟಿದೆ ಅಂದ. ನನಗೆ ಸಿಟ್ಟು ಬಂತು, ಲಕ್ಷಗಟ್ಟಲೆ ಸುರಿದು ಇದೇನಾ ನೀನು ಓದ್ತಿರೋದು ಅಂದುಬಿಟ್ಟೆ. ಅವನು ಹೇಳಿದ್ದು ಕೇಳಿ. "ಅಪ್ಪ, ಇಂಡಕ್ಷನ್ ಮೋಟರ್ ಲೆಕ್ಕ ಎಲ್ಲಾ ಬರೀತೀನಿ. ಲ್ಯಾಬಲ್ಲಿ ಒಂದು ಮೆಷಿನ್ ಸುತ್ತ ಏಳೆಂಟು ಜನ ನಿಂತ್ಕೋತೀವಿ, ಕೈ ಹಾಕೋಕೆ ಬಿಡಲ್ಲ. ಮನೇಲಿ ನೀನು ಸ್ಟಾರ್ಟರ್ ಬಿಚ್ಚುವಾಗೆಲ್ಲಾ, ಹೋಗು ಓದ್ಕೋ, ಕೈ ಕೊಳೆ ಮಾಡ್ಕೋಬೇಡ ಅಂತ ಕಳಿಸ್ತಿದ್ದೆ."

ಅವನು ಹೇಳಿದ್ದು ಸತ್ಯ. ನಾನೇ ಕಳಿಸ್ತಿದ್ದೆ. ನನ್ನ ಕೈ ಹಂಗೆ ಅವನ ಕೈ ಆಗಬಾರದು ಅಂತ. ಇಂಜಿನಿಯರ್ ಆಗೋನ ಕೈನ ನಾನೇ ಕಟ್ಟಿಹಾಕಿದೆ.

ಈ ಮಾತು ಹೇಳಿದ ತಕ್ಷಣ ಕೆಲವರು ಕುಣಿದುಬಿಡ್ತಾರೆ, ನೋಡಿದ್ರಾ, ಓದು ದಂಡ, ವೈಂಡಿಂಗ್‌ನೋನೇ ಮೇಲು ಅಂತ. ನಾನು ಹಂಗೆ ಹೇಳ್ತಾ ಇಲ್ಲ. ವೈಂಡಿಂಗ್‌ನೋನಿಗೆ ಏನಾಗಿದೆ ಅಂತ ಗೊತ್ತು. ಯಾಕಾಗ್ತದೆ, ಹತ್ತು ಮೋಟರ್‌ಗೆ ಆಗದಂಗೆ ಹೆಂಗೆ ತಡೀಬೇಕು ಅನ್ನೋ ಲೆಕ್ಕ ಪುಸ್ತಕದಲ್ಲಿದೆ. ಇವೆರಡೂ ಒಂದೇ ತಲೆಲಿ ಸೇರಿದಾಗ ಇಂಜಿನಿಯರ್. ನಾವು ಪುಸ್ತಕಕ್ಕೆ ಮಾತ್ರ ದುಡ್ಡು ಕಟ್ಟಿ ಇನ್ನರ್ಧ ತಾನೇ ಬರ್ತದೆ ಅಂತ ಕೂತಿದೀವಿ.

ನಾವಿರೋ ಜಾಗ ನೋಡಿ. ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟ್ ತೆಗೆದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಲೈನ್ ಎಳೆದಿದ್ದರು. ಬೈಕಲ್ಲಿ ಮುಕ್ಕಾಲು ಗಂಟೆ ದಾರಿ. ಗಗನಚುಕ್ಕಿ ನೋಡೋಕೆ, ಫೋಟೋ ತೆಗಿಸ್ಕೊಳ್ಳೋಕೆ ನನ್ನ ಮಗ ಹತ್ತು ಸಲ ಹೋಗಿದ್ದಾನೆ. ಕೆಳಗೆ ಕರೆಂಟ್ ಹೆಂಗೆ ತಯಾರಾಗ್ತದೆ ಅಂತ ನಾಲ್ಕು ವರ್ಷದಲ್ಲಿ ಒಂದು ಸಲಾನೂ ವಿಚಾರಿಸಲಿಲ್ಲ. ಸಿವಿಲ್ ಓದೋ ಮಕ್ಕಳಿಗೆ ಕನ್ನಂಬಾಡಿ, ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆ ಸುರಂಗ ಎಲ್ಲಾ ಕಣ್ಣ ಮುಂದೆ ಅವೆ. ಮೆಕ್ಯಾನಿಕಲ್‌ನೋರಿಗೆ 1933ರಿಂದ ಇರೋ ಮೈಶುಗರ್ ಅದೆ, ಗೆಜ್ಜಲಗೆರೆ ಡೈರಿ ಅದೆ. ಪ್ಲೇಸ್‌ಮೆಂಟಿಗೆ ಕಂಪನಿ ಬರಲಿಲ್ಲ ಅಂತ ಅಳ್ತೀವಿ, ಮನೆ ಹಿಂದಿರೋ ಕಾರ್ಖಾನೆ ಒಳಗೆ ಒಂದು ದಿನ ಹೋಗಿ ನಿಂತಿರಲ್ಲ.

ವಿಶ್ವೇಶ್ವರಯ್ಯನವರ ಫೋಟೋ ಇಲ್ಲದ ಮನೆ ನಮ್ಮ ಕಡೆ ಕಮ್ಮಿ. ಅವರು ಬೆಂಗಳೂರಲ್ಲಿ ಓದುವಾಗ ಮಕ್ಕಳಿಗೆ ಪಾಠ ಹೇಳ್ಕೊಟ್ಟು ಖರ್ಚು ನೋಡ್ಕೊಂಡವರು. 1884ರಲ್ಲಿ ಮುಂಬೈ ಕಡೆ ಪಿಡಬ್ಲ್ಯುಡಿಗೆ ಸೇರಿದರು. ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದಿದ್ದು 1909ರಲ್ಲಿ. ನಡುವೆ 25 ವರ್ಷದ ಕೆಲಸ ಇದೆ. ನಾವು ಫೋಟೋಗೆ ಹಾರ ಹಾಕ್ತೀವಿ, ಆ 25 ವರ್ಷ ನೋಡಲ್ಲ.

ಈಗ ಕಾಲೇಜಿನೋರ ವಿಷಯ. ರೋಡಲ್ಲೆಲ್ಲಾ ಬೋರ್ಡ್, ಶೇಕಡ 100 ಪ್ಲೇಸ್‌ಮೆಂಟ್. ಯಾವ ಕಾಲೇಜು ಅಂತ ನಾನು ಹೇಳಲ್ಲ, ಬೋರ್ಡ್ ಎಲ್ಲಾ ಕಡೆ ಒಂದೇ ತರ ಅವೆ. ಸೇರಿಸೋಕೆ ಮುಂಚೆ ಹೋಗಿ ಕೇಳಿ. ನೂರು ಅಂದ್ರೆ ಯಾವ ನೂರು? ಕ್ಲಾಸಲ್ಲಿ ಇದ್ದೋರಲ್ಲಾ, ಇಲ್ಲಾ ಪರೀಕ್ಷೆಗೆ ಕೂರೋಕೆ ಅರ್ಹತೆ ಇದ್ದೋರಲ್ಲಾ? ಒಬ್ಬನಿಗೇ ಮೂರು ಕಂಪನಿ ಆಫರ್ ಕೊಟ್ರೆ ಒಂದು ಅಂತ ಎಣಿಸ್ತೀರಾ, ಮೂರು ಅಂತ ಎಣಿಸ್ತೀರಾ? ಮೆಕ್ಯಾನಿಕಲ್, ಸಿವಿಲ್‌ನೋರಿಗೆ ಅವರ ಓದಿಗೆ ತಕ್ಕ ಕೆಲಸವಾ, ಇಲ್ಲಾ ಫೋನ್ ಎತ್ತೋ ಕೆಲಸಾನೂ ಲೆಕ್ಕಕ್ಕೆ ಸೇರಿಸಿದೀರಾ? ತಿಂಗಳಿಗೆ ಕೈಗೆ ಬರೋದು ಎಷ್ಟು? ಬಿತ್ತನೆ ಬೀಜದ ಅಂಗಡಿಲಿ ಒಂದು ಚೀಲಕ್ಕೆ ಹತ್ತು ಪ್ರಶ್ನೆ ಕೇಳೋ ನಾವು ಅಲ್ಲಿ ಸೋಫಾ ಮೇಲೆ ಕೂರಿಸಿ ಕಾಫಿ ಕೊಟ್ಟ ತಕ್ಷಣ ಬಾಯಿ ಮುಚ್ಕೊಂಡುಬಿಡ್ತೀವಿ. ಪ್ಲೇಸ್‌ಮೆಂಟ್ ಸೆಲ್ ಅಂದ್ರೆ ತೂಬು ಎತ್ತೋ ನೀರುಗಂಟಿ ಇದ್ದಂಗೆ. ತೂಬು ಎತ್ತುತಾನೆ. ನಿಮ್ಮ ಗದ್ದೆ ಬದು ಕಟ್ಟಿರಬೇಕಾದವರು ನೀವು.

ಹಂಗಾದ್ರೆ ಬದು ಕಟ್ಟೋದು ಅಂದ್ರೇನು? ನನ್ನ ಮಗಳು ಈಗ ಮೂರನೇ ವರ್ಷ. ಅಣ್ಣನ ಕತೆ ನೋಡಿ ಇವಳ ವಿಷಯದಲ್ಲಿ ಬೇರೆ ತರ ಮಾಡಿದೀವಿ. ನಾನು ಕಲಿತಿದ್ದು ಇಷ್ಟು.

ಮೊದಲ ವರ್ಷ ಎರಡೇ ಕೆಲಸ. ಒಂದೂ ಸಬ್ಜೆಕ್ಟ್ ಉಳಿಸ್ಕೋಬಾರದು, ಮುಖ್ಯವಾಗಿ ಗಣಿತ. ಇಂಗ್ಲಿಷಿನ ಹೆದರಿಕೆ ಹೋಗಬೇಕು. ಇಂಗ್ಲಿಷ್ ಅಂದ್ರೆ ದೊರೆಗಳಂಗೆ ಮಾತಾಡೋದಲ್ಲ. ತಾನು ಮಾಡಿದ ಕೆಲಸನ ನಿಂತ್ಕೊಂಡು ಐದು ನಿಮಿಷ ತಿಳಿಯೋ ಹಂಗೆ ಹೇಳೋದು. ಮಗಳು ಮೊದಮೊದಲು ಕನ್ನಡಿ ಮುಂದೆ ನಿಂತು ಹೇಳ್ತಿದ್ದಳು. ಆಮೇಲೆ ನನ್ನ ಕೂರಿಸ್ಕೊಂಡು ಹೇಳೋಳು. ನನಗೆ ಅರ್ಥ ಆಗ್ತಿರಲಿಲ್ಲ, ಆದ್ರೆ ಎಲ್ಲಿ ತಡವರಿಸ್ತಾಳೆ ಅಂತ ಗೊತ್ತಾಗ್ತಿತ್ತು. ಅಷ್ಟು ಸಾಕು.

ಎರಡನೇ ವರ್ಷ ಕೈಕೆಲಸ ಒಂದು ಹಿಡೀಬೇಕು. ಸಿವಿಲ್‌ನೋರು ಆಟೋಕ್ಯಾಡ್, ಟೋಟಲ್ ಸ್ಟೇಷನ್ ಸರ್ವೆ. ಮೆಕ್ಯಾನಿಕಲ್‌ನೋರು ಡ್ರಾಯಿಂಗ್, ಸಿಎನ್‌ಸಿ ಮೆಷಿನ್. ಎಲೆಕ್ಟ್ರಿಕಲ್‌ನೋರು ಪ್ಯಾನೆಲ್ ಬೋರ್ಡ್, ಪಿಎಲ್‌ಸಿ. ಕಂಪ್ಯೂಟರ್‌ನೋರು ಪ್ರೋಗ್ರಾಮ್ ಬರೆಯೋದು ಸರಿ, ಬೇರೆ ಬ್ರಾಂಚಿನೋರಿಗೂ ಅದು ಸ್ವಲ್ಪ ಬೇಕೇ ಬೇಕು. ಇದಕ್ಕೆಲ್ಲಾ ಬೆಂಗಳೂರಲ್ಲಿ ಸಾವಿರಗಟ್ಟಲೆ ಕಟ್ಟಿ ಕೋಚಿಂಗ್ ಸೇರಿಸೋ ಅಗತ್ಯ ಇಲ್ಲ. ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಪಾಠ ಎನ್‌ಪಿಟೆಲ್ ಅಂತ ಮೊಬೈಲಲ್ಲೇ ಪುಕ್ಕಟೆ ಸಿಗ್ತದೆ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದ್ರೆ ಮಾತ್ರ ಫೀಸು.

ಮೂರನೇ ವರ್ಷದಿಂದ ಹೊರಗೆ ಹೋಗಬೇಕು. ರಜದಲ್ಲಿ ಕಾರ್ಖಾನೆ, ಸೈಟು, ಸಬ್ ಸ್ಟೇಷನ್, ಎಲ್ಲಿ ಬಿಡ್ತಾರೋ ಅಲ್ಲಿ. ಗೇಟ್ ಪರೀಕ್ಷೆ ಮೂರನೇ ವರ್ಷದಲ್ಲೇ ಬರೀಬಹುದು. ಸ್ಕೋರು ಮೂರು ವರ್ಷ ನಡೀತದೆ, ಎಂಟೆಕ್‌ಗೂ ಆಗ್ತದೆ, ಕೇಂದ್ರ ಸರ್ಕಾರದ ಕೆಲವು ಕಂಪನಿಗಳೂ ಅದರ ಮೇಲೇ ಕೆಲಸಕ್ಕೆ ಕರೀತವೆ. ಕೊನೆ ವರ್ಷಕ್ಕೆ ವಿಟಿಯುನೋರು 2022ರ ಸ್ಕೀಮಲ್ಲಿ 14ರಿಂದ 20 ವಾರದ ಇಂಟರ್ನ್‌ಶಿಪ್ ಇಟ್ಟವರೆ. ನಮ್ಮ ಹಳ್ಳಿ ಮಕ್ಕಳಿಗೆ ಇಷ್ಟು ಒಳ್ಳೆ ಅವಕಾಶ ಹಿಂದೆ ಇರಲಿಲ್ಲ. ಅದನ್ನ ಏನು ಮಾಡ್ತಾ ಇದೀವಿ ಗೊತ್ತಾ? ಎರಡು ಮೂರು ಸಾವಿರ ಕೊಟ್ಟು ಸರ್ಟಿಫಿಕೇಟ್ ಕೊಂಡ್ಕೊಂಡು ಬರೋ ಮಕ್ಕಳಿದ್ದಾರೆ. ಅಪ್ಪ, ಇಂಟರ್ನ್‌ಶಿಪ್‌ಗೆ ದುಡ್ಡು ಬೇಕು ಅಂತಾರೆ, ನಾವು ಫೋನ್‌ಪೇ ಮಾಡ್ತೀವಿ. ಯಾವೂರಲ್ಲಿ, ಯಾವ ಕಾರ್ಖಾನೆ, ಬೆಳಿಗ್ಗೆ ಎಷ್ಟೊತ್ತಿಗೆ ಹೋಗ್ತೀಯ ಅಂತ ಕೇಳಲ್ಲ. ನಾಳೆ ಇಂಟರ್‌ವ್ಯೂಲಿ ಅದೇ ಮೂರು ಪ್ರಶ್ನೆ ಕೇಳ್ತಾರೆ, ಆವಾಗ ಬಾಯಿ ಕಟ್ತದೆ.

ಇನ್ನೊಂದು ಇದೆ, ನಮಗೆ ಯಾರಿಗೂ ಗೊತ್ತೇ ಇಲ್ಲ. ಇಂಜಿನಿಯರಿಂಗ್ ಮಕ್ಕಳು ನಾಲ್ಕು ವರ್ಷದಲ್ಲಿ 100 ಆಕ್ಟಿವಿಟಿ ಪಾಯಿಂಟ್ ತೆಗೀಬೇಕು, ಡಿಪ್ಲೊಮಾ ಮಾಡಿ ಎರಡನೇ ವರ್ಷಕ್ಕೆ ಸೇರಿದೋರು 75. ಎಐಸಿಟಿಇ ಮಾಡಿರೋ ಪಟ್ಟಿಲಿ ಇರೋದು ಏನು? ಹಳ್ಳಿ ಆದಾಯ ಹೆಚ್ಚಿಸೋಕೆ ಯೋಜನೆ ಮಾಡೋದು, ನೀರಿನ ವ್ಯವಸ್ಥೆ, ಊರ ಶಾಲೆ ಮಕ್ಕಳಿಗೆ ನೆರವು, ಇಂಥವು. ನಮ್ಮೂರ ಕೆಲಸವೇ ಅದು! ಮಕ್ಕಳು ಸಿಟಿಲಿ ಒಂದು ಗಿಡಕ್ಕೆ ನೀರು ಹಾಕಿ ಫೋಟೋ ತೆಗೆದು ಪಾಯಿಂಟ್ ಹಾಕಿಸ್ಕೋತಾರೆ. ನನ್ನ ಮಗಳು ಮತ್ತೆ ಅವಳ ಜೊತೆಯವರು ಇಬ್ಬರು ನಮ್ಮ ಸೀಳುಗಾಲುವೆಲಿ ಮೇಲಿಂದ ಕೊನೆ ಗದ್ದೆ ತನಕ ನೀರು ಎಲ್ಲಿ ಎಷ್ಟು ಸೋರ್ತದೆ ಅಂತ ಅಳೆದು ನಕ್ಷೆ ಮಾಡಿದರು. ನಾಲ್ಕು ಭಾನುವಾರ ಹಿಡೀತು. ಅದು ಪಾಯಿಂಟೂ ಆಯ್ತು, ಇಂಟರ್‌ವ್ಯೂಲಿ ಹೇಳೋಕೆ ಐದು ನಿಮಿಷದ ಮಾತೂ ಆಯ್ತು. ಕೊನೆ ಗದ್ದೆಯವರಿಗೆ ತಮಗೆ ಯಾಕೆ ನೀರು ಬರಲ್ಲ ಅನ್ನೋದೂ ಗೊತ್ತಾಯ್ತು. ಮೇಲಿನ ಗದ್ದೆಯವರು ನನ್ನ ಮೇಲೆ ಸಿಟ್ಟಾದರು, ಅದು ಬೇರೆ ಕತೆ.

ಹೆಣ್ಣುಮಕ್ಕಳ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಪಕ್ಕದೂರಲ್ಲಿ ಒಬ್ಬ ಹುಡುಗಿಗೆ ಬಿಡದಿ ಕಡೆ ಒಂದು ಕಾರ್ಖಾನೆಲಿ ಇಂಟರ್ನ್‌ಶಿಪ್ ಸಿಕ್ಕಿತ್ತು. ಸ್ವಂತ ಪರೀಕ್ಷೆ ಬರೆದು ತೆಗೆದಿದ್ದು. ಅಪ್ಪ ಕಳಿಸಲಿಲ್ಲ. ಪಿಜಿಲಿ ಇರಬೇಕಾಗ್ತದೆ, ಶಿಫ್ಟ್ ಇರ್ತದೆ, ಜನ ಏನಂತಾರೆ ಅಂತ. ಮಗಳು ಮನೇಲಿ ಕೂತು, ದುಡ್ಡಿಗೆ ಸಿಗೋ ಸರ್ಟಿಫಿಕೇಟೇ ತಂದ್ಕೊಂಡಳು. ಓದಿಸೋಕೆ ಸಾಲ ಮಾಡಿದೀರಿ, ಓದಿದ್ದು ಕೆಲಸಕ್ಕೆ ಬರೋ ಬಾಗಿಲಲ್ಲಿ ಅಡ್ಡ ನಿಂತಿದೀರಿ. ಮದುವೆ ಪತ್ರಿಕೇಲಿ ಹೆಸರಿನ ಮುಂದೆ ಬಿಇ ಅಂತ ಹಾಕೋಕೆ ಇಷ್ಟೊಂದು ಖರ್ಚು ಬೇಕಾಗಿತ್ತಾ? ಹೆದರಿಕೆ ಇದ್ರೆ ಜೊತೆಗೆ ಹೋಗಿ ಪಿಜಿ ನೋಡಿ, ಕಾರ್ಖಾನೆ ಗೇಟ್ ನೋಡಿ, ಎರಡು ದಿನ ಅಲ್ಲೇ ಇದ್ದು ಬನ್ನಿ. ನಾನು ನನ್ನ ಮಗಳಿಗೆ ಹಂಗೇ ಮಾಡ್ತೀನಿ. ಬೇಡ ಅನ್ನೋ ಹಕ್ಕು ನಮಗೆ ಎಲ್ಲಿಂದ ಬಂತು?

ಈಗ ನೀವು ಕೇಳ್ತೀರ, ನಾವು SSLC, ಕೆಲವರು ಅದೂ ಇಲ್ಲ, ಇಂಜಿನಿಯರಿಂಗ್ ಓದೋರಿಗೆ ನಾವೇನು ಹೇಳೋದು ಅಂತ. ನಾನೂ SSLC ಪಾಸೇ. ಮನೆ ಕಟ್ಟಿಸುವಾಗ ನಮಗೆ ಗಾರೆ ಕೆಲಸ ಬರ್ತದಾ? ಆದ್ರೂ ಮೇಸ್ತ್ರಿ ಹತ್ತಿರ ದಿನಾ ನಿಂತು ಕೇಳಲ್ವಾ, ಸಿಮೆಂಟ್ ಎಷ್ಟು ಹಾಕ್ದೆ, ಕ್ಯೂರಿಂಗ್ ಎಷ್ಟು ದಿನ ಅಂತ? ಕೇಳೋನು ಇದ್ದಾನೆ ಅಂದ್ರೆ ಕೆಲಸ ಬೇರೆ ತರ ಆಗ್ತದೆ. ಪ್ರತಿ ಸೆಮಿಸ್ಟರ್ ಮುಗಿದ ಮೇಲೆ ಮಗನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸ್ಕೊಂಡು ಇಷ್ಟು ಕೇಳಿ.

ಒಂದು, ರಿಸಲ್ಟ್ ಮೊಬೈಲಲ್ಲಿ ತೆಗೆದು ತೋರಿಸು, ಉಳಿದಿರೋ ಸಬ್ಜೆಕ್ಟ್ ಯಾವುದು?
ಎರಡು, ಈ ಆರು ತಿಂಗಳಲ್ಲಿ ನಿನ್ನ ಕೈಯಲ್ಲಿ ಏನು ಮಾಡಿದೆ? ಓದಿದ್ದಲ್ಲ, ಮಾಡಿದ್ದು.
ಮೂರು, ನಿನಗಿಂತ ಮುಂದಿನ ವರ್ಷದೋರು ಎಲ್ಲಿ ಸೇರಿದರು, ಅವರಲ್ಲಿ ಯಾರ ಜೊತೆ ಮಾತಾಡಿದೆ?
ನಾಲ್ಕು, ನೀನು ಹೋಗಬೇಕು ಅಂತಿರೋ ಕೆಲಸಕ್ಕೆ ಪರೀಕ್ಷೆ ಏನು, ಯಾವಾಗ?
ಐದು, ಯಾವುದು ಕಷ್ಟ ಆಗ್ತಿದೆ?

ಐದನೇದನ್ನ ಬೈಯದೇ ಕೇಳಿ. ನಾನು ನನ್ನ ಮಗನಿಗೆ ಅದೊಂದು ಪ್ರಶ್ನೆ ಮೊದಲ ವರ್ಷದಲ್ಲಿ ಕೇಳಿದ್ದಿದ್ರೆ ಅವನ ಎರಡು ವರ್ಷ ಉಳೀತಿತ್ತು.

ಕೆಲವರು ಹೇಳ್ತಾರೆ, ಈಗ ಕಂಪ್ಯೂಟರೇ ಎಲ್ಲಾ ಮಾಡ್ತದಂತೆ, ಇಂಜಿನಿಯರ್ ಕೆಲಸಾನೇ ಇಲ್ಲವಂತೆ, ಹೊಲಕ್ಕೆ ಹಾಕಿ ಅಂತ. ಒಂದು ಮಾತು ಒಪ್ಕೋತೀನಿ. ಪಾಸಾಗಿ ಬಂದೋರನ್ನ ಹಿಂಡುಗಟ್ಟಲೆ ತಗೊಂಡು ಆಮೇಲೆ ಕಲಿಸೋ ಕಾಲ ಮೊದಲಿನಂಗೆ ಇಲ್ಲ. ಅದಕ್ಕೇ ಅಲ್ವಾ ಕಲಿತು ಹೋಗಬೇಕಾಗಿರೋದು? ಮತ್ತೆ ಹೊಲಕ್ಕೆ ಹಾಕಿ ಅನ್ನೋರು, ಒಕ್ಕಲುತನ ಅಂದ್ರೆ ಎಲ್ಲೂ ಸಲ್ಲದೋರನ್ನ ತುಂಬೋ ದೊಡ್ಡಿ ಅಂದ್ಕೊಂಡಿದೀರಾ? ಇಷ್ಟಪಟ್ಟು ಬರೋನು ಬರಲಿ, ತಲೆ ಮೇಲೆ ಕೂರಿಸ್ಕೋತೀನಿ. ಸೋತು, ಮುಖ ಸಣ್ಣ ಮಾಡ್ಕೊಂಡು ಬಂದೋನು ಹೊಲಾನೂ ಮಾಡಲ್ಲ.

ಇನ್ನು ಕೆಲವರದ್ದು ಸರ್ಕಾರಿ ಕೆಲಸವೇ ಆಗಬೇಕು ಅನ್ನೋ ಹಟ. ಕೆಪಿಟಿಸಿಎಲ್, ಪಿಡಬ್ಲ್ಯುಡಿ ಜೆಇ ಪೋಸ್ಟ್. ಓದಲಿ, ತಪ್ಪಲ್ಲ. ಆದ್ರೆ ಆ ಪೋಸ್ಟ್ ವರ್ಷಾ ವರ್ಷಾ ಕರೆಯಲ್ಲ, ಕರೆದ್ರೂ ಮುಗಿಯೋಕೆ ವರ್ಷಗಟ್ಟಲೆ. ಯಾವುದಾದ್ರೂ ಕೆಲಸದಲ್ಲಿ ಇದ್ಕೊಂಡು ಓದಲಿ. ಮಳೆ ಬಂದ ಮೇಲೆ ನೇಗಿಲು ಹುಡುಕ್ತೀನಿ ಅಂತ ಮನೇಲಿ ಮಲಗಬಾರದು.

ದುಡ್ಡಿನ ವಿಷಯ. ಜಮೀನು ಮಾರಿ ಓದಿಸಬೇಡಿ. ಮೊದಲು ಸಿಇಟಿಲಿ ನಮಗೆ ಇರೋದನ್ನ ಬಳಸ್ಕೊಳ್ಳಿ. ಒಂದರಿಂದ ಹತ್ತನೇ ಕ್ಲಾಸ್ ತನಕ ಹಳ್ಳಿಲಿ ಓದಿದೋರಿಗೆ ಶೇಕಡ 15 ಗ್ರಾಮೀಣ ಮೀಸಲು, ಕನ್ನಡ ಮೀಡಿಯಂನೋರಿಗೆ ಶೇಕಡ 5. ಸರ್ಟಿಫಿಕೇಟ್ ಮೊದಲೇ ಶಾಲೆಲಿ ಬರೆಸಿ, ಬಿಇಓ ಆಫೀಸಲ್ಲಿ ಸಹಿ ಹಾಕಿಸಿ ಇಟ್ಕೊಳ್ಳಿ. ರೈತ ವಿದ್ಯಾನಿಧಿ ಅಂತ 2021ರಲ್ಲಿ ಬಂತು, ಇಂಜಿನಿಯರಿಂಗ್ ಓದೋ ಗಂಡುಮಕ್ಕಳಿಗೆ ವರ್ಷಕ್ಕೆ 10,000, ಹೆಣ್ಣುಮಕ್ಕಳಿಗೆ 11,000 ಅಂತ ಯೋಜನೆಲಿ ಇಟ್ಟರು. ಅದಕ್ಕೆ ನಮ್ಮ ಪಹಣಿ ಫ್ರೂಟ್ಸ್‌ಗೆ ಸೇರಿರಬೇಕು. ಸಾಲದಂತೆ ಬಂದ್ರೆ ಬ್ಯಾಂಕಲ್ಲಿ ಶಿಕ್ಷಣ ಸಾಲ, ಏಳೂವರೆ ಲಕ್ಷದ ತನಕ ಜಮೀನು ಅಡ ಇಡಬೇಕಾಗಿಲ್ಲ, ಕಂತು ಶುರುವಾಗೋದು ಓದು ಮುಗಿದು ಒಂದು ವರ್ಷಕ್ಕೆ. ಮ್ಯಾನೇಜರ್ ಇಲ್ಲ ಅಂದ್ರೆ ಯಾಕೆ ಇಲ್ಲ ಅಂತ ಬರೆದುಕೊಡಿ ಸಾರ್ ಅನ್ನಿ. ಬರೆದುಕೊಡಿ ಅಂದ ಮೇಲೆ ಮಾತು ಬದಲಾಗ್ತದೆ.

ಈಗ ಭಾವನ ಮನೆ ವಿಷಯಕ್ಕೆ ಬರ್ತೀನಿ. ಓದು ಮುಗಿದು ವರ್ಷ ಆಗಿಹೋಗಿದೆ, ನೀನು ಹೇಳ್ತಿರೋದೆಲ್ಲಾ ಹಳೇದು ಅಂತ ಅನ್ನಬಹುದು. ನನ್ನ ಮಗಂದೂ ಹಂಗೇ ಆಗಿತ್ತು. ಅವನು ಬಚಾವಾಗಿದ್ದು ಅಪ್ರೆಂಟಿಸ್‌ನಿಂದ. ಡಿಗ್ರಿ, ಡಿಪ್ಲೊಮಾ ಆದೋರಿಗೆ ಕೇಂದ್ರ ಸರ್ಕಾರದ ನ್ಯಾಟ್ಸ್ ಅಂತ ಯೋಜನೆ ಇದೆ. ವೆಬ್‌ಸೈಟಲ್ಲಿ ಹೆಸರು ನೋಂದಾಯಿಸೋಕೆ ಒಂದು ರೂಪಾಯಿ ಖರ್ಚಿಲ್ಲ. ಒಂದು ವರ್ಷ ಕಾರ್ಖಾನೆಲಿ ಕೆಲಸ ಕಲೀತಾರೆ, ತಿಂಗಳಿಗೆ ಸ್ಟೈಪೆಂಡ್ ಬರ್ತದೆ, ಕೊನೆಗೆ ಸರ್ಟಿಫಿಕೇಟ್. ನನ್ನ ಮಗ 2021ರಲ್ಲಿ ಸೇರಿದ. ರೂಮ್ ಬಾಡಿಗೆ ಊಟಕ್ಕೆ ಆಗ್ತಿತ್ತು, ಮನೆಗೆ ಬಿಡಿಗಾಸು ಕಳಿಸ್ತಿರಲಿಲ್ಲ. ಒಂದು ವರ್ಷ ಪ್ಯಾನೆಲ್ ಬೋರ್ಡ್ ಬಿಚ್ಚಿ ಕಟ್ಟಿದ. ಆಮೇಲೆ ಬೇರೆ ಕಾರ್ಖಾನೆಲಿ ಮೆಯಿಂಟೆನೆನ್ಸ್‌ಗೆ ತಗೊಂಡರು. ಈಗಲೂ ಅವನ ಸಂಬಳ ಊರಲ್ಲಿ ಜಂಬ ಕೊಚ್ಕೊಳ್ಳೋವಷ್ಟಿಲ್ಲ. ಆದ್ರೆ ಅದು ಅವನದು. ಯಾರೂ ಒಂದು ಬೆಳಿಗ್ಗೆ ಬಂದು ಕಿತ್ಕೊಳ್ಳೋ ಸುಳ್ಳು ಕಾಗದ ಅಲ್ಲ. ಹೋದ ಹಬ್ಬಕ್ಕೆ ಬಂದವನು ನಮ್ಮ ಮೋಟರಿಗೆ ಫೇಸ್ ಹೋದ್ರೆ ತಾನೇ ನಿಲ್ಲೋ ಪ್ರಿವೆಂಟರ್ ಹಾಕಿ ಹೋದ. ನಾನು ಟಾರ್ಚ್ ಹಿಡ್ಕೊಂಡು ನಿಂತಿದ್ದೆ.

ಭಾವ, ನೀನು ಇದನ್ನ ಓದ್ತೀಯ ಅಂತ ಗೊತ್ತು. ಆ 15 ಗುಂಟೆ ನಿಮ್ಮಪ್ಪ ಗಾಡಿ ಮಣ್ಣು ಹೊಡೆದು ಸಮ ಮಾಡಿದ್ದು, ನಾನೂ ಚಿಕ್ಕವನಾಗಿ ನೋಡಿದೀನಿ. ಅದನ್ನ ಆ ಏಜೆಂಟನ ಬಾಯಿಗೆ ಹಾಕೋ ಪತ್ರಕ್ಕೆ ನನ್ನ ಕೈ ರುಜು ಹಾಕಲ್ಲ. ಬೇರೆ ಸಾಕ್ಷಿ ಸಿಗ್ತಾರೆ, ನನಗೂ ಗೊತ್ತು. ಅದಕ್ಕೆ ಇಷ್ಟುದ್ದ ಬರೆದೆ.

ಭಾನುವಾರ ನನ್ನ ಮಗ ಊರಿಗೆ ಬರ್ತಾ ಅವನೆ. ನಿನ್ನ ಮಗನ್ನ ಕಳಿಸು. ಎಲ್ಲಾ ಸೆಮಿಸ್ಟರ್ ಮಾರ್ಕ್ಸ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ತರಲಿ, ನ್ಯಾಟ್ಸ್‌ಗೆ ಅವತ್ತೇ ಹೆಸರು ಹಾಕಿಸ್ತಾನೆ. ನಾಚ್ಕೋಬೇಡ ಅಂತ ಹೇಳು. ಬ್ಯಾಕ್‌ಲಾಗ್ ಇದ್ರೆ ಅದನ್ನೂ ಹೇಳಲಿ, ನಮ್ಮ ಮನೇಲಿ ಯಾರೂ ನಗಲ್ಲ.

ಅಗ್ರಿಮೆಂಟ್ ಒಂದು ವಾರ ಮುಂದಕ್ಕೆ ಹಾಕು ಭಾವ. ಜಮೀನು ಎಲ್ಲೂ ಓಡಿಹೋಗಲ್ಲ.